ಜೂನ್ ಇಪ್ಪತ್ತೈದರ ಹಾಳೆ

ಅವರ ಬಲ ಅಂಗೈಯಲ್ಲಿ ಹುಟ್ಟಿನಿಂದ ಬಂದ ಗೆರೆಗಳಿಗೆಲ್ಲ ಅಡ್ಡವಾಗಿ ಇನ್ನೊಂದು ಗೆರೆ ಇತ್ತು. ಹೆಬ್ಬೆರಳ ಬುಡದಿಂದ ಕಿರುಬೆರಳ ಬುಡದವರೆಗೆ, ಬಿಳಿಚಿಕೊಂಡು, ಸ್ವಲ್ಪ ಉಬ್ಬಿಕೊಂಡು. ಸಲಾಮಿಗೆ ಕೈ ಎತ್ತಿದರೆ ಎದುರಿಗಿದ್ದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅದೇ. ಕೇಳಿದವರಿಗೆ ಅವರು "ಹೊಳಿ ಬರದದ್ರಿ ಇದು" ಎಂದು ನಗುತ್ತಿದ್ದರು. ಅದು ಅರ್ಧ ನಿಜ. ಗೆರೆ ಬರೆದದ್ದು ನಮ್ಮ ಮನೆಯ ಬಾವಿಯ ಹಗ್ಗ. ಆ ಹಗ್ಗವನ್ನು ಅಲ್ಲಿಗೆ ಒಯ್ದವಳು ನಾನು.

ಹೂವಿನ ಹಡಗಲಿಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಮಾಸ್ತರು ಅವರು. ನಾನು ಅದೇ ಶಾಲೆಯ ಇಂಗ್ಲಿಷ್ ಟೀಚರ್. ಅವರ ತಂದೆಯದು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ. ಅಣ್ಣತಮ್ಮಂದಿರೆಲ್ಲ ಪಾನಾ ಹಿಡಿದರು, ಇವರೊಬ್ಬರು ಸೀಟಿ ಹಿಡಿದರು. ತೆಳ್ಳಗಿನ ಆಳು. ಕ್ಯಾನ್ವಾಸ್ ಶೂಗೆ ದಿನಾ ಬೆಳಿಗ್ಗೆ ಉಳಿದ ಚಾಕ್‌ಪೀಸಿನ ಪುಡಿ ಬಳಿದುಕೊಂಡು ಬರುತ್ತಿದ್ದರು. ಕೊರಳಲ್ಲಿ ಕಪ್ಪು ದಾರ, ದಾರದಲ್ಲಿ ಹಿತ್ತಾಳೆಯ ಸೀಟಿ. ಆ ಸೀಟಿಯ ಬಗ್ಗೆ ಅವರದೊಂದು ಹಟವಿತ್ತು. ಆಟ ಶುರು ಮಾಡುವುದಕ್ಕೆ ಮಾತ್ರ ಊದುವುದು. ನಿಲ್ಲಿಸಬೇಕಾದರೆ ಕೈ ಎತ್ತುವರು, ಕೂಗುವರು, ಅಡ್ಡ ಬಂದು ನಿಲ್ಲುವರು, ಸೀಟಿ ಮಾತ್ರ ಬಾಯಿಗಿಡರು. "ಸೀಟಿ ಇರೋದ ಶುರು ಮಾಡಾಕ್ರಿ ಟೀಚರ್ರ. ನಿಲ್ಸಾಕ ಊರ ತುಂಬ ಮಂದಿ ಅದಾರ" ಎನ್ನುತ್ತಿದ್ದರು.

ಅವರ ಇನ್ನೊಂದು ಆಸ್ತಿ ಕ್ಯಾಲೆಂಡರ್ ಹಾಳೆಗಳು. ದಿನಕ್ಕೊಂದು ಹಾಳೆ ಹರಿಯುವ ದಪ್ಪ ಕ್ಯಾಲೆಂಡರ್ ಬರುತ್ತದಲ್ಲ, ಅದರಲ್ಲಿ ಒಂದು ಅಧಿಕ ವರ್ಷದ್ದನ್ನು ಪೂರ್ತಿಯಾಗಿ ಉಳಿಸಿಕೊಂಡಿದ್ದರು. ಅಧಿಕ ವರ್ಷದ್ದೇ ಯಾಕೆ ಎಂದರೆ ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಅನ್ಯಾಯವಾಗಬಾರದು. ಆ ಮುನ್ನೂರ ಅರವತ್ತಾರು ಹಾಳೆಗಳ ಬೆನ್ನಿನ ಮೇಲೆ, ಆಟದ ಲೋಕದಲ್ಲಿ ಯಾವ ದಿನ ಯಾವುದು ಮೊದಲ ಸಲ ನಡೆಯಿತೋ ಅದನ್ನು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದರು. ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ ಮೊದಲನೆಯವನ ದಿನ. ಎವರೆಸ್ಟಿನ ತುದಿಗೆ ಮನುಷ್ಯ ಕಾಲಿಟ್ಟ ದಿನ. ಪ್ರೇಯರ್ ಮುಗಿದ ಮೇಲೆ, ಸಾಲುಗಳು ಕ್ಲಾಸಿಗೆ ಹೊರಡುವ ಮುಂಚೆ, ಆ ದಿನದ ಹಾಳೆ ತೆಗೆದು ಓದುವುದು ಅವರ ಪದ್ಧತಿ. ಮೇ ತಿಂಗಳ ಮೊದಲುಗಳೆಲ್ಲ ಸೂಟಿಯಲ್ಲಿ ಹಾಳಾಗುತ್ತವೆ ಎಂದು ಅವರಿಗೆ ನಿಜವಾಗಿ ಹೊಟ್ಟೆ ಉರಿಯುತ್ತಿತ್ತು. ಆಗ ಸಂತೆಯಲ್ಲಿ ಸಿಕ್ಕ ಹುಡುಗಿಯರನ್ನು, ಬದನೆಕಾಯಿ ಆರಿಸುತ್ತಿದ್ದವರನ್ನೇ, ನಿಲ್ಲಿಸಿ ಹೇಳಿಬಿಡುತ್ತಿದ್ದರು.

ಊರಿನ ಮೊದಲುಗಳೂ ಅದೇ ಹಾಳೆಯ ಮೇಲೆ, ಅದೇ ಅಕ್ಷರದಲ್ಲಿ ಇರುತ್ತಿದ್ದವು. ನಮ್ಮ ಹುಡುಗಿಯರು ಲಂಗ ಬಿಟ್ಟು ಚಡ್ಡಿ ತೊಟ್ಟು ಖೋ-ಖೋ ಆಡಿದ ದಿನ. ಅವರ ತಾಯಿ, ಸೈಕಲ್ ಅಂಗಡಿಯವನ ಹೆಂಡತಿಯಾಗಿ ಮೂವತ್ತು ವರ್ಷ ಆದ ಮೇಲೆ, ಮೊದಲ ಸಲ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತ ದಿನ. ಒಂದೇ ತಾರೀಕಿಗೆ ಎರಡು ಮೊದಲುಗಳು ಬಿದ್ದರೆ ಆ ಹಾಳೆಯ ಮೂಲೆ ಮಡಚುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಜೋಡಿ ದಿನ. "ಒಂದ್ ಸಲ ಬಾಗಿಲ ತಗದ ದಿನಕ್ಕ ಚಿಲಕ ಗಟ್ಟಿ ಕೂಡಂಗಿಲ್ರಿ. ಎರಡ್ ಸಲ ತಗದ್ರ ಮುಗೀತು, ನೂಕಿದ್ರ ಸಾಕು" ಎನ್ನುವುದು ಅವರ ನಂಬಿಕೆ. ಡೋಂಟ್ ಬಿ ಸಿಲ್ಲಿ ಸರ್, ಎಂದು ನಾನು ನಗುತ್ತಿದ್ದೆ.

ನಗುವ ಅಧಿಕಾರ ನನಗಿರಲಿಲ್ಲ. ನಾನು ಅಂಜುಬುರುಕಿ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕಲಿತದ್ದು ಗ್ರಾಮರ್, ನೀಡ್ಲ್‌ವರ್ಕ್, ಮತ್ತು ಅಂಜಿಕೆ. ಹತ್ತು ವರ್ಷದವಳಿದ್ದಾಗ ಸಿಸ್ಟರುಗಳು ಕೆರೆಯ ದಂಡೆಗೆ ಪಿಕ್‌ನಿಕ್ ಕರೆದೊಯ್ದಿದ್ದರು. ನನ್ನ ಪಕ್ಕದಲ್ಲಿ ಬಿಸ್ಕಿಟ್ ತಿನ್ನುತ್ತಿದ್ದ ಹುಡುಗಿ ಕಾಲು ಜಾರಿ ನೀರಿಗೆ ಹೋದಳು. ಎತ್ತಿದರು, ಬದುಕಿದಳು, ಸಂಜೆ ನಮ್ಮ ಜೊತೆಗೇ ಬಸ್ಸಿನಲ್ಲಿ ಹಾಡು ಹೇಳಿದಳು. ಆದರೆ ಆ ಅರ್ಧ ನಿಮಿಷ, ನೀರಿನ ಮೇಲೆ ಅವಳ ಜಡೆಯ ನೀಲಿ ರಿಬ್ಬನ್ ಒಂದೇ ತೇಲುತ್ತಿತ್ತಲ್ಲ, ಅದು ನನ್ನೊಳಗೆ ಹಾಗೇ ಉಳಿಯಿತು. ಬಕೆಟ್ಟಿನಲ್ಲಿ ರಿಬ್ಬನ್ ನೆನೆಹಾಕಿದರೂ ನನ್ನ ಎದೆ ಹಾರುತ್ತಿತ್ತು. ನನ್ನ ಮಗಳಿಗೆ ನಾನು ರಿಬ್ಬನ್ನೇ ಕಟ್ಟಲಿಲ್ಲ.

ಇನ್ನೊಂದು ದುರ್ಗುಣವೂ ಕಾನ್ವೆಂಟಿನದೇ. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಒಮ್ಮೆ ನನ್ನನ್ನು "ಲೈಬ್ರರಿ ದಿನಾ ತೆಗೀತೀರೇನಮ್ಮ?" ಎಂದು ಕೇಳಿದರು. ಅವರ ಹಿಂದೆ ನಿಂತ ಹೆಡ್‌ಮಿಸ್ಟ್ರೆಸ್ ಹೌದು ಅನ್ನು ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. "ಇಲ್ಲ ಸರ್, ಬೀಗದ ಕೈ ಕಳೆದು ಎರಡು ವರ್ಷ ಆಯ್ತು" ಎಂದುಬಿಟ್ಟೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಒಂದ್ ಸುಳ್ಳು ಹೇಳಿದ್ರ ನಾಲಿಗಿ ಕಡಕೊಂಡ್ ಬೀಳ್ತಿತ್ತೇನ್ರಿ ಟೀಚರ್ರ?"

"ನಮಗೆ ಕಲಿಸಿಲ್ಲ ಸರ್."

"ಕಲೀರಿ, ಕಲೀರಿ. ಕಲ್ತ ದಿನ ಹೇಳ್ರಿ, ಹಾಳಿ ಮ್ಯಾಲ ಬರಕೊಂತೀನಿ."

ಮಗಳು ಒಂಬತ್ತನೇ ಕ್ಲಾಸಿಗೆ ಬಂದಾಗ ಈಜು ಕಲಿಯುತ್ತೇನೆ ಎಂದು ಹಟ ಹಿಡಿದಳು. ಅವಳಿಗೆ ಆ ಹುಚ್ಚು ಹತ್ತಿಸಿದ್ದು ಆಗಸ್ಟ್ ಆರರ ಹಾಳೆ. ಇಂಗ್ಲಿಷ್ ಚಾನಲ್ಲನ್ನು ಒಬ್ಬ ಹೆಂಗಸು ಮೊದಲ ಸಲ ಈಜಿ ದಾಟಿದ ದಿನ ಅದು. ಅದುವರೆಗೆ ದಾಟಿದ ಗಂಡಸರೆಲ್ಲರಿಗಿಂತ ಬೇಗ. ಪ್ರೇಯರಿನಲ್ಲಿ ಅದನ್ನು ಕೇಳಿ ಬಂದವಳು ಊಟ ಮಾಡಲಿಲ್ಲ. ಕೃಷಿ ಇಲಾಖೆಯಲ್ಲಿದ್ದ ನನ್ನ ಗಂಡ, "ಕಲೀಲಿ ಬಿಡು, ನಿನ್ನಂಗ ಆಗೋದ್ ಬ್ಯಾಡ" ಎಂದರು. ಆ ಮಾತು ನಾಟಿತು. ಒಪ್ಪಿದೆ, ಒಂದು ಕಂಡೀಷನ್ ಹಾಕಿ: ಅವಳ ನಡುವಿಗೆ ಹಗ್ಗ, ಹಗ್ಗದ ತುದಿ ನನ್ನ ಕೈಯಲ್ಲಿ.

ಊರ ಹೊರಗಿನ ತೋಟದ ಮೆಟ್ಟಿಲು ಬಾವಿಯಲ್ಲಿ ಮಾಸ್ತರು ಕಲಿಸಿದರು. ಅವಳ ಬೆನ್ನಿಗೆ ಬೆಂಡು ಕಟ್ಟಿ, ತಾವು ಜೊತೆಗೇ ನೀರಿಗಿಳಿದು. ಅವರ ಹೆಂಡತಿ ಮೇಲಿನ ಮೆಟ್ಟಿಲಲ್ಲಿ ಟವೆಲ್ ಹಿಡಿದು ಕೂತಿರುತ್ತಿದ್ದರು. ನಾನು ನಾಲ್ಕನೇ ಮೆಟ್ಟಿಲಲ್ಲಿ ಬಾವಿಹಗ್ಗ ಹಿಡಿದು. ತಿಂಗಳೊಳಗೆ ಬೆಂಡು ಹೋಯಿತು, ಹಗ್ಗ ಹೋಗಲಿಲ್ಲ. ಅರಿವೆ ಒಗೆಯಲು ಬಂದ ಹೆಂಗಸರು, "ಏ, ಟೀಚರಮ್ಮ ಎಮ್ಮಿ ಮೈ ತೊಳಸಾಕ ಬಂದಾರ ನೋಡ್ರೇ" ಎಂದು ನಗುತ್ತಿದ್ದರು. ಮಗಳು ನೀರಿನೊಳಗಿಂದಲೇ, "ಅಮ್ಮ, ಪ್ಲೀಸ್, ಬಿಡು" ಎಂದು ಬೇಡುತ್ತಿದ್ದಳು. ಮಾಸ್ತರು ನಗುತ್ತಲೇ, "ಹಗ್ಗ ಇದ್ದಷ್ಟು ದಿನ ಅಕೀ ಈಸೋದಿಲ್ರಿ, ನೀವ ಈಸ್ತೀರಿ" ಎಂದರು. ಎಂಟು ತಿಂಗಳು ಹೀಗೆ ನಡೆಯಿತು. ಎಲ್ಲರೂ ನಕ್ಕೂ ನಕ್ಕೂ, ಕೊನೆಗೆ ನನ್ನ ಅಂಜಿಕೆಯನ್ನು ಕಂಡು ನನಗೇ ನಾಚಿಕೆಯಾಗತೊಡಗಿತು.

ಅವರಿಗೊಂದು ಆಸೆ ಇತ್ತು. ಯಾರಿಗೂ ಹೇಳದೆ ನನಗೆ ಹೇಳಿದ್ದರು. "ಊರ ಮಂದೀ ಮೊದಲುಗಳ್ನ ಓದಿ ಓದಿ ನನ್ನ ಸರ್ವೀಸ್ ಮುಗೀಲಿಕ್ಕ ಬಂತ್ರಿ. ನಾ ತಯಾರ್ ಮಾಡಿದ ಹುಡುಗೀದು ಒಂದರೆ ಬರೀಬೇಕು." ಮಾಗಳದ ಹತ್ತಿರ ತುಂಗಭದ್ರೆಯನ್ನು ಒಬ್ಬ ಹುಡುಗಿ ಈಜಿ ದಾಟುವುದು. ಈ ತಾಲ್ಲೂಕಿನಲ್ಲಿ ಇದುವರೆಗೆ ಯಾವ ಹೆಣ್ಣೂ ದಾಟಿಲ್ಲ ಎಂದು ಅವರ ಲೆಕ್ಕ. ದಿನ ಆಗಸ್ಟ್ ಆರು ಆಗಬೇಕು ಎಂದು ಹೊರಟಿದ್ದರು. ಹರಿಗೋಲು ಹಾಕುವ ಅಂಬಿಗರ ಅಜ್ಜ, "ಆಗಸ್ಟ್‌ನ್ಯಾಗ ಹೊಳ್ಯಾಗ ಆನಿ ಇಳಿಸಿದ್ರೂ ಆನಿ ಡ್ಯಾಮಿಗೆ ಹೋಗಿ ಏಳ್ತೈತಿ, ಮಾಸ್ತರ್ರ" ಎಂದು ಓಡಿಸಿದ.

ಅದರ ಬದಲಿಗೆ ಬೇರೆ ದಿನ ಹುಡುಕಿ ಕೊಟ್ಟವಳು ನಾನು. ಅವರಿಗೆ ಇಂಗ್ಲಿಷ್ ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಇಂಗ್ಲಿಷ್ ಪೇಪರಿನ ತುಣುಕುಗಳನ್ನು ತಂದು ನನ್ನಿಂದ ಓದಿಸುತ್ತಿದ್ದರು. ಒಂದು ದಿನ ಕಿರಾಣಿ ಅಂಗಡಿಯಿಂದ ಬಂದ ಬೆಲ್ಲದ ಪೊಟ್ಟಣ ಬಿಚ್ಚಿದರೆ ಅದು ಹಳೆಯ ಸ್ಪೋರ್ಟ್ಸ್ ಪೇಜ್. ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ಮ್ಯಾಚ್ ಆಡಲು ಲಂಡನ್ನಿನ ಮೈದಾನಕ್ಕಿಳಿದದ್ದು ೧೯೩೨ರ ಜೂನ್ ಇಪ್ಪತ್ತೈದು. ಮೊದಲ ಸಲ ವರ್ಲ್ಡ್ ಕಪ್ ಗೆದ್ದದ್ದು ೧೯೮೩ರ ಜೂನ್ ಇಪ್ಪತ್ತೈದು, ಅದೇ ಮೈದಾನದಲ್ಲಿ. ಅಂಟಿದ ಬೆಲ್ಲ ಕೆರೆದು, ಪೇಪರ್ ಹಿಡಿದುಕೊಂಡು ಗ್ರೌಂಡಿಗೆ ಓಡಿದೆ. ಅಷ್ಟು ಖುಷಿ ನನಗೆ! ಒಬ್ಬರ ಹುಚ್ಚು ಇನ್ನೊಬ್ಬರಿಗೆ ಹತ್ತುವುದು ಹೀಗೆಯೇ ಏನೋ.

ಅವರು ಎರಡು ಸಲ ಓದಿಸಿದರು. ಕಣ್ಣು ತುಂಬಿ ಬಂದವು.

"ಒಂದ ದಿನ, ಒಂದ ಮೈದಾನ! ಮೊದಲ ಹೋದಾಗ ಸೋತ್ರು. ಐವತ್ತೊಂದ್ ವರ್ಷ ಆ ತಾರೀಕು ಕಾದು ಕೂತಿತ್ತು ನೋಡ್ರಿ, ಗೆಲ್ಸಿ ಕಳಸ್ತು. ಟೀಚರ್ರ, ಇದಕ್ಕಿಂತ ದೊಡ್ಡ ಜೋಡಿ ದಿನ ಇಲ್ಲ. ನಮ್ಮ ಹುಡುಗೀದೂ ಅವತ್ತ."

೧೯೯೫ರಲ್ಲಿ ಆ ದಿನ ಭಾನುವಾರ ಬಿದ್ದಿತ್ತು. ಶಾಲೆಗೆ ರಜೆ. ಎಲ್ಲ ಕೂಡಿ ಬಂತು ಎಂದು ಅವರಿಗೆ ಅನ್ನಿಸಿತು.

ಹಿಂದಿನ ದಿನ ಮಗಳು ನನ್ನ ಎರಡೂ ಕೈ ಹಿಡಿದು ಕೇಳಿದಳು. "ಅಮ್ಮ, ಹಗ್ಗ ತರಬಾರದು. ಹಗ್ಗ ಇದ್ರ ಅದು ಮೊದಲು ಅಂತ ಆಗಲ್ಲ. ಪ್ರಾಮಿಸ್ ಮಾಡು." ಮಾಡಿದೆ. ಮಾಸ್ತರೂ ಬಂದಾಗ ಕೇಳಿದರು, "ಹಗ್ಗ ಇಲ್ಲ ಹೌದಲ್ರಿ?" "ಇಲ್ಲ ಸರ್" ಎಂದೆ. ಅವರು ಹೋದ ಮೇಲೆ ಬಾವಿಕಟ್ಟೆಗೆ ಹೋಗಿ ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ಕೈಚೀಲದ ತಳದಲ್ಲಿಟ್ಟು, ಮೇಲೆ ಟವೆಲ್, ಅದರ ಮೇಲೆ ಹಾಲಿನ ಫ್ಲಾಸ್ಕ್ ಇಟ್ಟೆ.

ಬೆಳಿಗ್ಗೆ ಮಾಗಳಕ್ಕೆ ಹೋದಾಗ ಆಕಾಶ ತೊಳೆದಿಟ್ಟ ಪಿಂಗಾಣಿ. ನಮ್ಮ ಕಡೆ ಆ ವರ್ಷ ಇನ್ನೂ ಹದವಾದ ಮಳೆ ಬಿದ್ದಿರಲಿಲ್ಲ. ಹೊಳೆ ತೆಳ್ಳಗೆ, ನಡುವೆ ಉಸುಕಿನ ದಿಬ್ಬವೊಂದು ಬೆನ್ನು ತೋರಿಸಿಕೊಂಡು ಮಲಗಿತ್ತು. ಅದರ ಮೇಲೆ ಸಾಲಾಗಿ ಬೆಳ್ಳಕ್ಕಿಗಳು. ದಂಡೆಯಲ್ಲಿ ನಲವತ್ತು ಐವತ್ತು ಜನ ಸೇರಿದ್ದರು. ಮಾಸ್ತರು ಬಿಳಿ ಪ್ಯಾಂಟು ಹಾಕಿಕೊಂಡು, ಜೂನ್ ಇಪ್ಪತ್ತೈದರ ಹಾಳೆಯನ್ನು ಶರ್ಟಿನ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಮೂಲೆ ಮಡಚಿದ್ದು ಹೊರಗೆ ಇಣುಕುತ್ತಿತ್ತು.

ಅಂಬಿಗರ ಅಜ್ಜ ಹರಿಗೋಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೀರಿನಲ್ಲಿ ಕೈ ಆಡಿಸುತ್ತಿದ್ದ.

"ಮಾಸ್ತರ್ರ, ಇವತ್ತ್ ಬ್ಯಾಡ್ರಿ. ನೀರು ತಣ್ಣಗಾಗೇತಿ."

"ಬೆಳಿಗ್ಗಿ ಹೊಳಿ ತಣ್ಣಗಿರ್ದ, ಕಾಸಿಟ್ಟಿರ್ತಾರೇನಜ್ಜ?"

ಜನ ನಕ್ಕರು. ಅಜ್ಜ ನಗಲಿಲ್ಲ. "ನಿನ್ನಿ ಹಿಂಗಿದ್ದಿಲ್ಲ. ಘಟ್ಟದ ಕಡಿ ಮಳಿ ಹಿಡದೈತಿ. ಇದು ಅಲ್ಲೀ ನೀರು, ಮುಂದ ಬಂದೈತಿ. ಹಿಂದ ಇನ್ನ ಐತಿ."

"ಮೋಡ ಎಲ್ಲೈತಿ ತೋರ್ಸು?"

"ಮೋಡ ಇಲ್ಲಿ ಯಾಕ್ ಇರ್ತೈತಿ? ನಮ್ಮ ಹೊಳಿ ನಮ್ಮ ಮಳಿ ಕೇಳಿ ಬರ್ತೈತೇನು?"

ಈ ಕಡೆಯವರಿಗೆ ಮಾತ್ರ ಆಗಬಹುದಾದ ತಪ್ಪು ಇದು. ನಮ್ಮ ತಲೆಯ ಮೇಲೆ ಬಿಸಿಲು ಇರುವಾಗಲೇ ಎಲ್ಲೋ ಬಿದ್ದ ಮಳೆ ನಮ್ಮ ಹೊಳೆಗೆ ಬರುತ್ತದೆ. ಗೊತ್ತಿರುತ್ತದೆ, ಬಿಸಿಲು ಬೆನ್ನಿಗೆ ಹತ್ತಿದಾಗ ಮರೆತುಹೋಗುತ್ತದೆ. ಮಾಸ್ತರು ಜೇಬಿನ ಹಾಳೆ ಮುಟ್ಟಿಕೊಂಡು, "ಅರ್ಧ ತಾಸಿನ ಕೆಲಸ ಅಜ್ಜ. ಮುಂದಿನ ವರ್ಷ ಈ ದಿನ ಬರೂತನಕ ಈಕಿ ಇಲ್ಲೇ ಇರ್ತಾಳೇನು? ಹತ್ತನೇತ್ತಿ ಮುಗಿಸಿ ಹೋಗ್ತಾಳ" ಎಂದರು.

ಆಗ ಒಂದು ಮಾತು ನಾನು ಆಡಬೇಕಿತ್ತು. ನಾನು ತಾಯಿ, ಬೇಡ ಅಂದಿದ್ದರೆ ಮುಗಿಯುತ್ತಿತ್ತು. ಇಡೀ ಜನ್ಮ ಸುಮ್ಮಸುಮ್ಮನೆ ಅಂಜಿದವಳು, ಅಂಜಲೇಬೇಕಾದ ಆ ಒಂದು ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ನಿಂತೆ. ಮತ್ತೆ ಎಮ್ಮೆ ಅಂದಾರು, ಹಗ್ಗ ಅಂದಾರು, ಮಗಳು ಮುಖ ತಿರುಗಿಸಿಯಾಳು ಎಂದು. ಹರಿಗೋಲು ಹತ್ತುವಾಗ ಮಾಸ್ತರು "ಹಗ್ಗ ಇಲ್ಲಲ್ರಿ?" ಎಂದು ಇನ್ನೊಮ್ಮೆ ಕೇಳಿದರು; "ಇಲ್ಲ ಸರ್" ಎಂದು ಚೀಲವನ್ನು ಎದೆಗವುಚಿಕೊಂಡು ಹತ್ತಿದೆ. ಅದರೊಳಗೆ ಅಜ್ಜ, ಮಾಸ್ತರು, ನಾನು.

ಸೀಟಿ ಊದಿದರು. ಮಗಳು ಇಳಿದಳು.

ಚೆನ್ನಾಗಿ ಈಜಿದಳು, ಅದನ್ನು ಹೇಳಬೇಕು. ಕೈ ಎತ್ತಿ ಹಾಕುವುದು ಎಷ್ಟು ನಿಧಾನ, ಎಷ್ಟು ಸಮ! ಮಾಸ್ತರು ಎಣಿಸುತ್ತಿದ್ದರು. ನಾನು ಅವಳನ್ನು ನೋಡಲಾರದೆ ದಿಬ್ಬದ ಮೇಲಿನ ಬೆಳ್ಳಕ್ಕಿಗಳನ್ನು ನೋಡುತ್ತ ಕೂತಿದ್ದೆ. ಅರ್ಧ ದಾಟಿದಳು. ಮುಕ್ಕಾಲು ದಾಟಿದಳು. ಆಚೆ ದಂಡೆಯ ಜಾಲಿ ಗಿಡದಲ್ಲಿ ಎಲೆ ಕಾಣುವಷ್ಟು ಹತ್ತಿರ. ನಾನೂ ಒಂದು ಕ್ಷಣ ಉಸಿರು ಬಿಟ್ಟೆ.

ಬೆಳ್ಳಕ್ಕಿಗಳು ಎಲ್ಲ ಒಮ್ಮೆಗೇ ಎದ್ದವು.

ದಿಬ್ಬ ಸಣ್ಣದಾಗಿತ್ತು. ಮೇಲಿನಿಂದ ಹೊಳೆಯ ಅಗಲಕ್ಕೂ ಒಂದು ಕೆಂಪು ಗೆರೆ ಸದ್ದಿಲ್ಲದೆ ಬರುತ್ತಿತ್ತು. ಅದರ ಮುಂದೆ ನೊರೆ, ಕಡ್ಡಿ, ಎಲೆಗೊಂಚಲು. ಅಜ್ಜ ಹುಟ್ಟು ಎತ್ತಿ ಹಿಡಿದು ಒಂದೇ ಮಾತು ಹೇಳಿದ: "ಬಂತು."

ಮಾಸ್ತರು ಸೀಟಿ ಬಾಯಿಗಿಟ್ಟುಕೊಂಡರು. ಊದಲಿಲ್ಲ. ಎಷ್ಟು ಹೊತ್ತು ಎಂದರೆ ನನಗೆ ಗೊತ್ತಿಲ್ಲ, ಮೂರು ಉಸಿರು ಇರಬಹುದು. ಅವಳು ದಂಡೆಗೆ ಹತ್ತು ಹದಿನೈದು ಕೈ ದೂರದಲ್ಲಿದ್ದಳು. ಅವರ ಕಣ್ಣು ಅವಳ ಮೇಲೆ, ದಂಡೆಯ ಮೇಲೆ, ಆ ಕೆಂಪು ಗೆರೆಯ ಮೇಲೆ ಓಡಾಡಿತು. ಆಮೇಲೆ ಊದಿದರು. ಅಷ್ಟು ಉದ್ದದ ಸೀಟಿ ನಾನು ಕೇಳಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರು ನಿಲ್ಲಿಸುವುದಕ್ಕೆ ಊದಿದ್ದು.

ಮಗಳು ನಿಂತಳು. ತಲೆ ಎತ್ತಿ, "ಯಾಕ್ ಸರ್? ಇಲ್ಲೇ ಐತಲ್ಲ!" ಎಂದು ಕೂಗಿದಳು. ಅಷ್ಟರಲ್ಲಿ ನೀರು ಅವಳನ್ನು ಹಿಡಿಯಿತು. ಎಳೆದದ್ದಲ್ಲ, ಎತ್ತಿಕೊಂಡು ಹೋದದ್ದು. ಹರಿಗೋಲು ಬುಗುರಿಯ ಹಾಗೆ ತಿರುಗಿತು. ಒಂದು ಸುತ್ತಿಗೆ ಅವಳು ಕಂಡಳು, ಮತ್ತೊಂದು ಸುತ್ತಿಗೆ ಕಾಣಲಿಲ್ಲ, ಮತ್ತೊಂದು ಸುತ್ತಿಗೆ ಕೂದಲು ಮಾತ್ರ. ರಿಬ್ಬನ್ ಇರಲಿಲ್ಲ, ಆದರೂ ನನಗೆ ಅಲ್ಲಿ ನೀಲಿ ಕಂಡಿತು.

"ಹಗ್ಗ! ಹಗ್ಗ ಐತೇನ್ ಅಜ್ಜ?" ಮಾಸ್ತರು ಕಿರುಚಿದರು.

"ಹಗ್ಗ ತರಬ್ಯಾಡ ಅಂದಾವ ನೀನ ಅಲ್ಲೇನೋ!"

ನಾನು ಚೀಲ ಬೋರಲು ಹಾಕಿದೆ. ಫ್ಲಾಸ್ಕ್ ಉರುಳಿ ಒಡೆಯಿತು. ಹಾಲು, ಟವೆಲ್, ಹಗ್ಗ. ಮಾಸ್ತರು ನನ್ನ ಮುಖ ನೋಡಿದರು. ಹಗ್ಗ ಎತ್ತಿ ಎಸೆದರು; ಕಡಿಮೆಯಾಯಿತು. ಎಳೆದುಕೊಂಡು ಮತ್ತೆ ಎಸೆದರು. ಎರಡನೇ ಸಲ ಅವಳ ಕೈಗೆ ಸಿಕ್ಕಿತು. ಸಿಕ್ಕಿದ್ದೇ ತಡ, ಹಗ್ಗ ಅವರ ಅಂಗೈಯಲ್ಲಿ ಸುಯ್ ಎಂದು ಓಡಿತು. ಒಣ ನಾರಿನ ಹಗ್ಗ, ಅಷ್ಟು ಭಾರ, ಅಷ್ಟು ಸೆಳವು. "ಯಾ ಅಲ್ಲಾ" ಎಂದರು, ಬಿಡಲಿಲ್ಲ. ನಾನು ಹಿಂದಿನಿಂದ ಅವರ ಅಂಗಿ ಹಿಡಿದು, ಕಣ್ಣು ಮುಚ್ಚಿ, ಅವರ್ ಫಾದರ್ ಎಂದು ಶುರು ಮಾಡಿ ಕೊಟ್ಟೂರಸ್ವಾಮಿಗೆ ಹರಕೆ ಹೊತ್ತು ಮುಗಿಸಿದೆ. ಕಣ್ಣು ತೆರೆದಾಗ ಮಗಳು ಹರಿಗೋಲಿನ ಅಂಚಿಗೆ ಜೋತುಬಿದ್ದು ಕೆಮ್ಮುತ್ತಿದ್ದಳು. ಹಗ್ಗ ಹಾಲಿನಲ್ಲಿ ಬಿಳಿ, ರಕ್ತದಲ್ಲಿ ಕೆಂಪು.

ಅಜ್ಜ ನಮ್ಮನ್ನು ಬಹಳ ಕೆಳಗೆ, ನಮ್ಮದೇ ದಂಡೆಗೆ, ಹೇಗೋ ತಂದು ಹಚ್ಚಿದ. ತಿರುಗಿ ನೋಡಿದೆ. ಉಸುಕಿನ ದಿಬ್ಬ ಇರಲಿಲ್ಲ. ಅಲ್ಲಿ ಒಂದು ದಿಬ್ಬ ಇತ್ತು ಎಂದು ಯಾರಿಗಾದರೂ ಹೇಳಿದರೆ ನಂಬುತ್ತಿರಲಿಲ್ಲ.

ದಂಡೆಗುಂಟ ಓಡಿಬಂದ ಜನರಲ್ಲಿ ಒಬ್ಬ, "ಏನ್ ಮಾಸ್ತರ್ರ, ರಿಕಾರ್ಡ್ ಆತೇನ್ರಿ?" ಎಂದು ಕೇಳಿದ. ಮಗಳು ಟವೆಲ್ ಸುತ್ತಿಕೊಂಡು ನಡುಗುತ್ತ, ಅವರ ಕಡೆ ನೋಡದೆ, "ಹತ್ತ ಕೈ ಇತ್ತು. ನಾನು ಮುಟ್ತಿದ್ದೆ" ಎಂದಳು. ಮಾಸ್ತರು ಇಬ್ಬರಿಗೂ ಸೇರಿಸಿ ಉತ್ತರ ಕೊಟ್ಟರು. ಮೆಲ್ಲಗೆ ಕೊಡಲಿಲ್ಲ, ಗ್ರೌಂಡಿನಲ್ಲಿ ಕೂಗುವ ದನಿಯಲ್ಲಿ ಕೊಟ್ಟರು.

"ಆಗ್ಲಿಲ್ಲ. ತಪ್ಪು ಹುಡುಗೀದಲ್ಲ, ನಂದು. ಅಜ್ಜ ಹೇಳಿದ, ಕೇಳ್ಲಿಲ್ಲ. ದಿನ ನೋಡಿದೆ, ನೀರು ನೋಡ್ಲಿಲ್ಲ."

ಸೋಮವಾರ, ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದು, ಪ್ರೇಯರಿನಲ್ಲಿ ಇಡೀ ಶಾಲೆಯ ಮುಂದೆ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಹೆಡ್‌ಮಿಸ್ಟ್ರೆಸ್ ತಲೆ ತಗ್ಗಿಸಿ ನಿಂತಿದ್ದರು. ಆ ದಿನದ ಹಾಳೆ ಓದಲಿಲ್ಲ. ಮುಂದೆ ಎರಡು ತಿಂಗಳು ಯಾವ ಹಾಳೆಯನ್ನೂ ಓದಲಿಲ್ಲ. ಆಗಸ್ಟ್ ಆರು ಸುಮ್ಮನೆ ಬಂದು ಸುಮ್ಮನೆ ಹೋಯಿತು. ನಾನು ಅವರ ಎದುರು ಬೀಳುವುದನ್ನೇ ತಪ್ಪಿಸಿದೆ. ಹಗ್ಗದ ವಿಷಯ ಎತ್ತಿಯಾರು ಎಂಬ ಅಂಜಿಕೆ. ಅವರಿಗೆ ಥ್ಯಾಂಕ್ಸ್ ಹೇಳಬೇಕೋ, ಸಿಟ್ಟು ಮಾಡಬೇಕೋ, ಕ್ಷಮೆ ಕೇಳಬೇಕೋ ನನಗೆ ತಿಳಿದಿರಲಿಲ್ಲ. ಮೂರೂ ಬಾಕಿ ಉಳಿದವು. ಒಮ್ಮೆ ಕಾರಿಡಾರಿನಲ್ಲಿ ಸಿಕ್ಕೇಬಿಟ್ಟರು.

"ಟೀಚರ್ರ, ಅಂಜಿಕಿನೂ ಆಟದ ಸಾಮಾನರಿ. ಬ್ಯಾಟು ಬಾಲಿನ ಜೋಡಿ ಕಪಾಟಿನ್ಯಾಗ ಇಡಬೇಕು. ಮೂವತ್ತು ವರ್ಷ ಇದು ನನಗ ತಿಳೀಲಿಲ್ಲ."

ಅಷ್ಟೇ ಹೇಳಿ ಹೋದರು.

ಮಗಳು ಆ ಹೊಳೆ ದಾಟಿದ್ದು ಮುಂದಿನ ಬೇಸಿಗೆಯಲ್ಲಿ, ಹತ್ತನೇ ಪರೀಕ್ಷೆ ಮುಗಿದ ಮೇಲೆ. ಈ ಸಲ ದಿನ ಗೊತ್ತುಮಾಡಿದವನು ಅಜ್ಜ. ಯಾವ ತಾರೀಕು ಎಂದು ಮಾಸ್ತರು ಕೇಳಿದ್ದಕ್ಕೆ, "ತಾರೀಕ ಗೀರೀಕ ನನಗೇನ್ ಗೊತ್ತು? ಬರ್ರಿ ಅಂದಾಗ ಬರ್ರಿ" ಎಂದಿದ್ದನಂತೆ. ಜನ ಇರಲಿಲ್ಲ. ನಾನು ಹಗ್ಗವನ್ನು ಚೀಲದಲ್ಲಿಡದೆ ಹೆಗಲ ಮೇಲೆ ಹಾಕಿಕೊಂಡು ಹರಿಗೋಲು ಹತ್ತಿದೆ, ಯಾರೂ ನಗಲಿಲ್ಲ. ಅವಳು ಆಚೆ ದಂಡೆ ಮುಟ್ಟಿ ಜಾಲಿ ಗಿಡದ ಕೆಳಗೆ ಕೂತು ನಕ್ಕಾಗ, ಮಾಸ್ತರು ಜೇಬಿನಿಂದ ಆ ದಿನದ ಹಾಳೆ ತೆಗೆದು ನೋಡಿದರು. ಖಾಲಿ. ಜಗತ್ತಿನಲ್ಲಿ ಆ ತಾರೀಕಿಗೆ ಏನೂ ಮೊದಲಾಗಿರಲಿಲ್ಲ, ಅವರಿಗೆ ಗೊತ್ತಿದ್ದ ಮಟ್ಟಿಗೆ. ಪೆನ್ನು ತೆಗೆದರು.

ಅಜ್ಜ ಬೀಡಿ ಹಚ್ಚಿಕೊಂಡು, "ಏನ್ ಬರ್ಯಾಕ ಹತ್ತೀರಿ?" ಎಂದ.

"ಈ ಹೊಳಿ ದಾಟಿದ ಮೊದಲ್ನೇ ಹೆಣ್ಣು."

"ನಮ್ಮವ್ವ ದಿನಾ ದಾಟ್ತಿದ್ಲಲ್ಲೋ ಮಾರಾಯ, ಆಚೀ ಕಡಿ ಹುಲ್ಲು ತರಾಕ. ಬರುವಾಗ ತಲಿ ಮ್ಯಾಲ ಹೊರಿ ಬ್ಯಾರೆ."

ನನ್ನ ಮಗಳೇ ಮೊದಲು ನಕ್ಕಳು. ಒಂದು ವರ್ಷದಿಂದ ಅವರ ಜೊತೆ ನೆಟ್ಟಗೆ ಮಾತಾಡದಿದ್ದವಳು, "ಬರ್ಕೊಳ್ರಿ ಸರ್, ಅಜ್ಜನ ಅವ್ವನ ಹೆಸರು ಬರ್ಕೊಳ್ರಿ" ಎಂದಳು. ಅವರು ನಿಜವಾಗಿಯೂ ಅಜ್ಜನನ್ನು ಕೇಳಿ, ಅವನ ತಾಯಿಯ ಹೆಸರು ಬರೆದುಕೊಂಡು, ಮುಂದೆ 'ತಾರೀಕು ಗೊತ್ತಿಲ್ಲ' ಎಂದು ಬರೆದರು.

ರಿಟೈರಾದ ಮೇಲೆ ಅವರು ಕೂಡ್ಲಿಗಿಯ ತಮ್ಮನ ಮನೆಯ ಹತ್ತಿರ ಹೋಗಿ ನೆಲೆಸಿದರು. ವರ್ಷಕ್ಕೊಂದು ಕಾರ್ಡು ಬರುತ್ತಿತ್ತು. ಆಮೇಲೆ ಕಾರ್ಡು ನಿಂತಿತು. ತೀರಿಕೊಂಡ ಸುದ್ದಿ ತಲುಪಿದ್ದು ಮಣ್ಣಾಗಿ ವಾರವಾದ ಮೇಲೆ, ಬಸ್ಸಿನಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿನಿಯ ಬಾಯಿಂದ. ನಲವತ್ತನೇ ದಿನಕ್ಕೆ ನಾನೂ ಮಗಳೂ ಹೋದೆವು. ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕೂರಿಸಿ, ಟ್ರಂಕಿನಿಂದ ಒಂದೇ ಒಂದು ಹಾಳೆ ತೆಗೆದುಕೊಟ್ಟರು.

"ಉಳದವು ಶಾಲಿಗೆ ಕೊಡು ಅಂದಾರ. ಇದೊಂದ ಮಾತ್ರ ಟೀಚರಮ್ಮಗ ಅಂದಾರ್ರಿ."

ಜೂನ್ ಇಪ್ಪತ್ತೈದು. ನಾನು ಅದನ್ನು ಬೆನ್ನು ತಿರುಗಿಸಿ ನೋಡಲಿಲ್ಲ. ಹಡಗಲಿಗೆ ವಾಪಸು ಬರುವ ಬಸ್ಸಿನಲ್ಲೂ ತಿರುಗಿಸಲಿಲ್ಲ. ತಮ್ಮ ಸೋಲು ಬರೆದಿರುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಅಥವಾ ನನ್ನದು: ಆ ದಿನ ಬೇಡ ಅನ್ನದೆ ಬಾಯಿ ಮುಚ್ಚಿ ನಿಂತ ತಾಯಿ. ಅವರು ಅದನ್ನು ಗಮನಿಸಿರಲಿಕ್ಕಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಕೊನೆಗೆ ಮಗಳೇ ನನ್ನ ಕೈಯಿಂದ ಕಿತ್ತುಕೊಂಡು ಓದಿದಳು. ಓದಿ, ನನ್ನ ಮಡಿಲಲ್ಲಿ ಇಟ್ಟಳು.

ಮೊದಲ ಸಾಲು, ೧೯೩೨. ಎರಡನೇ ಸಾಲು, ೧೯೮೩. ಮೂಲೆ ಮೊದಲೇ ಮಡಚಿತ್ತು. ಅದರ ಮೇಲೆ ಇನ್ನೊಂದು ಮಡಿಕೆ ಬಿದ್ದಿತ್ತು. ಮೂರನೇ ಸಾಲಿನ ಅಕ್ಷರ ಸೊಟ್ಟಗೆ, ಅಂಗೈಗೆ ಬಟ್ಟೆ ಸುತ್ತಿದ್ದಾಗ ಬರೆದದ್ದು:

"೧೯೯೫. ಮಾಗಳದ ಹೊಳೆ. ಟೀಚರ್ ಮೊದಲ ಸಲ ಸುಳ್ಳು ಹೇಳಿದರು."

ನಾನು ಇನ್ನೂ ಅಂಜುತ್ತೇನೆ. ಈ ವಯಸ್ಸಿನಲ್ಲಿ ಅದೊಂದು ಬಿಟ್ಟುಹೋಗುವುದಿಲ್ಲ. ಮಗಳು ಈಗ ಹರಪನಹಳ್ಳಿಯಲ್ಲಿದ್ದಾಳೆ. ಅವಳ ಮಗಳು ಈಜು ಕಲಿಯುತ್ತಿದ್ದಾಳೆ ಎಂದು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಪ್ರತಿ ವರ್ಷ ಜೂನ್ ಇಪ್ಪತ್ತೈದರ ಬೆಳಿಗ್ಗೆ ಅವಳಿಂದ ಫೋನ್ ಬರುತ್ತದೆ. "ಅಮ್ಮ, ಇವತ್ತೇನು?" ಎನ್ನುತ್ತಾಳೆ. ನಾನು ಕನ್ನಡಕ ಹಾಕಿಕೊಂಡು, ಎದ್ದು ನಿಂತು, ಪ್ರೇಯರಿನಲ್ಲಿ ಅವರು ಓದುತ್ತಿದ್ದ ಹಾಗೆ ಗಟ್ಟಿಯಾಗಿ ಮೂರೂ ಸಾಲು ಓದುತ್ತೇನೆ.